ಕರುವಿಗೆ ಹಾಲು ಬಿಡಿಸುವಾಗ ಹಸುವಿಗೂ ಕರುವಿಗೂ ಆಗುವ ಸಂಕಟವನ್ನು ತಗ್ಗಿಸುವ ಕ್ರಮ

ಪೀಠಿಕೆ

ಕರುವಿಗೆ ತಾಯಿಯ ಹಾಲನ್ನು ಬಿಡಿಸುವುದು ದನ ಸಾಕುವ ಪ್ರತಿಯೊಂದು ಮನೆಯಲ್ಲಿಯೂ ನಡೆಯತಕ್ಕ ಕೆಲಸ. ಉಳುಮೆಗೆ ಹದವನ್ನೂ, ಬಿತ್ತನೆಗೆ ಮಳೆಯನ್ನೂ, ಕೊಯ್ಲಿಗೆ ಬಿಸಿಲನ್ನೂ ನೋಡಿ ನಡೆಯುವ ರೈತರು ಈ ಕೆಲಸಕ್ಕೆ ಮಾತ್ರ ಯಾವ ಸಿದ್ಧತೆಯನ್ನೂ ಮಾಡಿಕೊಳ್ಳದೆ ಇರುವುದು ಸಾಮಾನ್ಯ. ಒಂದು ದಿನ ಬೆಳಿಗ್ಗೆ ಕರುವನ್ನು ಹಗ್ಗ ಹಾಕಿ ಎಳೆದು ಬೇರೆ ಕೊಟ್ಟಿಗೆಯಲ್ಲಿ ಕಟ್ಟಿಬಿಟ್ಟರೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಅಂದಿನಿಂದ ಎರಡು ಮೂರು ದಿನಗಳು ಹಸು ಹಗಲಿರುಳೂ ಕೂಗುತ್ತದೆ, ಮೇವನ್ನು ಮುಟ್ಟುವುದಿಲ್ಲ, ಹಗ್ಗವನ್ನು ಕಿತ್ತು ಓಡುತ್ತದೆ. ಕರು ಅತ್ತ ಅರಚಿ ಅರಚಿ ಗಂಟಲು ಕಟ್ಟಿಸಿಕೊಂಡು, ಹೊಟ್ಟೆ ಬೆನ್ನಿಗೆ ಹತ್ತಿ ನಿಲ್ಲುತ್ತದೆ. ಮನೆಯವರು ಇದನ್ನು ದನದ ಸ್ವಭಾವವೆಂದು ತಿಳಿದು ಸುಮ್ಮನಿರುತ್ತಾರೆ. ಇಲ್ಲವೇ ಕನಿಕರಪಟ್ಟು ಮೂರನೆಯ ರಾತ್ರಿ ಕರುವನ್ನು ಪುನಃ ತಾಯಿಯ ಬಳಿಗೆ ಬಿಟ್ಟು, ಪಟ್ಟ ಶ್ರಮವನ್ನೆಲ್ಲಾ ನೀರಿನಲ್ಲಿ ಹಾಕುತ್ತಾರೆ.

ಈ ಸಂಕಟವು ಕೇವಲ ಮನಸ್ಸಿಗೆ ಸಂಬಂಧಪಟ್ಟದ್ದಲ್ಲ. ಅದು ಕರುವಿನ ಮೈಯಲ್ಲಿ, ಹಸುವಿನ ಕೆಚ್ಚಲಿನಲ್ಲಿ, ಮುಂದಿನ ಗಬ್ಬದಲ್ಲಿ, ಕೊನೆಗೆ ರೈತನ ಕೈಗೆ ಬರುವ ಹಣದಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ಪೂರ್ತಿಯಾಗಿ ಇಲ್ಲದಂತೆ ಮಾಡುವುದು ಸಾಧ್ಯವಲ್ಲದಿದ್ದರೂ ಬಹುಮಟ್ಟಿಗೆ ತಗ್ಗಿಸುವುದು ಸಾಧ್ಯವೆಂದು ಇತ್ತೀಚಿನ ಪ್ರಯೋಗಗಳಿಂದ ಸ್ಪಷ್ಟವಾಗಿದೆ. ಇದಕ್ಕೆ ಹೆಚ್ಚು ಖರ್ಚೂ ಇಲ್ಲ. ಒಂದು ಗಟ್ಟಿಯಾದ ಬೇಲಿ, ಸ್ವಲ್ಪ ಒಳ್ಳೆಯ ಮೇವು, ಹದಿನೈದು ಇಪ್ಪತ್ತು ದಿನಗಳ ಮುಂದಾಲೋಚನೆ, ಇವಿಷ್ಟು ಸಾಕು.

1. ಈ ವಿಷಯವು ಯಾವ ದನಗಳಿಗೆ ಅನ್ವಯಿಸುವುದು

ಹಾಲಿಗಾಗಿಯೇ ಸಾಕುವ ಮಿಶ್ರತಳಿಯ ಹಸುಗಳ ಕರುಗಳನ್ನು ಅನೇಕರು ಹುಟ್ಟಿದ ಕೆಲವು ದಿನಗಳಲ್ಲಿಯೇ ಅಗಲಿಸಿ, ಪಾತ್ರೆಯಲ್ಲಿ ಹಾಲು ಕುಡಿಸಿ ಬೆಳೆಸುತ್ತಾರೆ. ಅದರ ಕ್ರಮವೇ ಬೇರೆ. ಇಲ್ಲಿ ಹೇಳುವುದು, ಕರುವು ತಿಂಗಳುಗಟ್ಟಲೆ ತಾಯಿಯ ಜೊತೆಯಲ್ಲಿದ್ದು ಮೊಲೆಯುಂಡು ಬೆಳೆಯುವ ದನಗಳ ವಿಷಯ. ಅಮೆರಿಕ, ಕೆನಡಾ, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಮಾಂಸಕ್ಕಾಗಿ ಸಾಕುವ ದೊಡ್ಡ ದೊಡ್ಡ ಮಂದೆಗಳೆಲ್ಲವೂ ಈ ಬಗೆಯವು. ಅಲ್ಲಿ ಹಸುವನ್ನು ಕರೆಯುವುದಿಲ್ಲ. ಹಾಲೆಲ್ಲವೂ ಕರುವಿಗೇ ಸೇರುತ್ತದೆ. ಆರರಿಂದ ಎಂಟು ತಿಂಗಳ ವಯಸ್ಸಿನಲ್ಲಿ ಕರುಗಳನ್ನು ಅಗಲಿಸುತ್ತಾರೆ.

ನಮ್ಮ ನಾಡಿನ ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಗಳನ್ನು ಸಾಕುವ ಉದ್ದೇಶವು ಬೇರೆಯಾದರೂ ಕ್ರಮವು ಹೆಚ್ಚುಕಡಮೆ ಇದೇ. ಇವು ಉಳುಮೆಗೂ ಗಾಡಿಗೂ ಹೆಸರಾದ ತಳಿಗಳು. ಹಾಲು ಸ್ವಲ್ಪವೇ, ಅದರಲ್ಲಿಯೂ ಬಹುಪಾಲು ಕರುವಿನದು. ಮೈಸೂರಿನ ಅರಸರಾದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) ‘ಬೆಣ್ಣೆ ಚಾವಡಿ’ ಎಂಬ ಹೆಸರಿನಿಂದಿದ್ದ ಅರಮನೆಯ ದನಗಳ ಸಂಸ್ಥೆಗೆ ಟಿಪ್ಪು ಸುಲ್ತಾನನು ‘ಅಮೃತಮಹಲ್’ ಎಂದು ಹೆಸರಿಟ್ಟನು. ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆಂದು ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿ ಈ ಮಂದೆಗಳನ್ನು ಮೇಯಿಸುತ್ತಿದ್ದರು. 1860ರಲ್ಲಿ ಈ ಮಂದೆಗಳನ್ನು ಮಾರಿ ಸಂಸ್ಥೆಯನ್ನು ಮುಚ್ಚಿದರೂ, ಒಳ್ಳೆಯ ಎತ್ತುಗಳು ದೊರೆಯದೆ ಹೋದ ಕಾರಣ 1866ರಲ್ಲಿ ಪುನಃ ಸ್ಥಾಪಿಸಬೇಕಾಯಿತು. ಇಂದಿಗೂ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನಾ ಕೇಂದ್ರವಿದೆ. ಇಂತಹ ತಳಿಗಳಲ್ಲಿ ಹಸುವಿನಿಂದ ಬರುವ ಮುಖ್ಯ ಆದಾಯವು ಕರುವೇ ಆದುದರಿಂದ, ಹಾಲು ಬಿಡಿಸುವ ವೇಳೆಯಲ್ಲಿ ಕರುವು ಕೆಟ್ಟರೆ ವರ್ಷದ ಫಲವೇ ಕೆಟ್ಟಂತೆ.

2. ಹಾಲನ್ನು ಏಕೆ ಬಿಡಿಸಬೇಕು

ಕರುವು ತಾನಾಗಿಯೇ ಬಿಡುವವರೆಗೆ ಏಕೆ ಕಾಯಬಾರದೆಂದು ಕೆಲವರು ಕೇಳಬಹುದು. ಮನುಷ್ಯರ ತಡೆಯಿಲ್ಲದೆ ಬಿಟ್ಟ ಗೂಳಿಬೆನ್ನಿನ ದನಗಳಲ್ಲಿ ತಾಯಿಯೇ ಕರುವನ್ನು ಒದ್ದು ದೂರ ಮಾಡುವುದು ಏಳನೆಯ ತಿಂಗಳಿನಿಂದ ಹದಿನಾಲ್ಕನೆಯ ತಿಂಗಳೊಳಗೆ ಎಂದು ಕಂಡುಬಂದಿದೆ. ಆಗಲೂ ಅದು ಒಂದೇ ದಿನದಲ್ಲಿ ನಡೆಯದೆ ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ನಡೆಯುತ್ತದೆ. ಅಷ್ಟು ಕಾಲ ಕಾಯುವುದರಿಂದ ರೈತನಿಗೆ ಮೂರು ವಿಧವಾದ ನಷ್ಟಗಳುಂಟು.

ಮೊದಲನೆಯದು, ಹಸು ಬೆದೆಗೆ ಬರುವುದು ತಡವಾಗುವುದು. ಕರುವು ಮೊಲೆಯುಣ್ಣುತ್ತಿರುವವರೆಗೆ, ಮಿದುಳಿನ ತಳದಲ್ಲಿರುವ ಸಣ್ಣ ಗ್ರಂಥಿಯಿಂದ ಅಂಡಾಶಯಕ್ಕೆ ಹೋಗಬೇಕಾದ ಪ್ರಚೋದನೆಯು ಕುಗ್ಗಿರುತ್ತದೆ. ಮೇವು ಸಾಲದೆ ಸೊರಗಿದ ಹಸುವಿನಲ್ಲಿ ಇದು ಇನ್ನೂ ಹೆಚ್ಚು. ಈಯುವ ಅಂತರವು ಹೀಗೆ ಬೆಳೆದಷ್ಟೂ ಹಸುವಿನ ಆಯುಷ್ಯದಲ್ಲಿ ದೊರೆಯುವ ಕರುಗಳ ಸಂಖ್ಯೆಯು ಕಡಮೆಯಾಗುತ್ತದೆ.

ಎರಡನೆಯದು, ಹಸುವಿನ ಮೈ ಇಳಿಯುವುದು. ಹಾಲಿಗೆ ಬೇಕಾದ ಸತ್ತ್ವವು ಮೇವಿನಿಂದ ಒದಗದಿದ್ದರೆ ಹಸು ತನ್ನ ಮೈಯನ್ನೇ ಕರಗಿಸಿ ಹಾಲಾಗಿ ಕೊಡುತ್ತದೆ. ಬೇಸಗೆಯ ಒಣಗಾವಲಿನಲ್ಲಿ ದೊಡ್ಡ ಕರುವನ್ನು ಕಟ್ಟಿಕೊಂಡ ಹಸುವಿನ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದು.

ಮೂರನೆಯದು, ಹುಟ್ಟಲಿರುವ ಕರುವಿನ ನಷ್ಟ. ಗಬ್ಬದ ಕೊನೆಯ ಮೂರು ತಿಂಗಳುಗಳಲ್ಲಿ ಗರ್ಭದೊಳಗಿನ ಕರು ಬಹುಬೇಗ ಬೆಳೆಯುತ್ತದೆ. ಈಯುವುದಕ್ಕೆ ಎರಡು ತಿಂಗಳ ಮೊದಲಾದರೂ ಹಸು ಬತ್ತಿರತಕ್ಕದ್ದು. ದೊಡ್ಡ ಕರುವು ಇನ್ನೂ ಉಣ್ಣುತ್ತಿದ್ದರೆ ಈದ ಮೇಲೆ ಗಿಣ್ಣುಹಾಲನ್ನೂ ಅದೇ ಕುಡಿದುಬಿಡುತ್ತದೆ. ಹುಟ್ಟಿದ ಕರುವಿಗೆ ರೋಗವನ್ನು ತಡೆಯುವ ಶಕ್ತಿಯು ತಾಯಿಯ ಗರ್ಭದಲ್ಲಿ ದೊರೆಯುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಕುಡಿಯುವ ಗಿಣ್ಣಿನಿಂದಲೇ ದೊರೆಯಬೇಕು. ಅದು ತಪ್ಪಿದ ಕರುವು ಬೇಧಿಯಿಂದಲೋ ಜ್ವರದಿಂದಲೋ ಸಾಯುವುದು ಆಶ್ಚರ್ಯವಲ್ಲ.

3. ಯಾವಾಗ ಬಿಡಿಸಬೇಕು

ಕರುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳುಂಟು. ಹುಟ್ಟಿದಾಗ ಮೊದಲನೆಯ ದೊಡ್ಡ ಕೋಣೆಯು, ಅಂದರೆ ಹುಲ್ಲು ನೆನೆದು ಹುದುಗುವ ಹೊಟ್ಟೆಯು, ಸಣ್ಣದಾಗಿಯೂ ಕೆಲಸವಿಲ್ಲದೆಯೂ ಇರುತ್ತದೆ. ಮೊಲೆಯಿಂದ ಬಂದ ಹಾಲು ಒಂದು ಕಾಲುವೆಯಂತಹ ಮಡಿಕೆಯ ಮೂಲಕ ನೇರವಾಗಿ ನಾಲ್ಕನೆಯ ಕೋಣೆಗೆ ಹೋಗುತ್ತದೆ. ಎರಡು ಮೂರು ವಾರಗಳಾದ ಮೇಲೆ ಕರುವು ಹುಲ್ಲನ್ನೂ ಕಾಳನ್ನೂ ಕಡಿಯಲಾರಂಭಿಸಿದಂತೆಲ್ಲಾ ಮೊದಲನೆಯ ಕೋಣೆಯಲ್ಲಿ ಸೂಕ್ಷ್ಮಜೀವಿಗಳು ನೆಲೆಸಿ, ಅದರ ಗೋಡೆಯು ಬೆಳೆಯುತ್ತದೆ. ಹಾಲಿನಿಂದ ಈ ಬೆಳೆವಣಿಗೆಯಾಗದು. ಒಣಮೇವು ಮತ್ತು ಕಾಳಿನಿಂದಲೇ ಆಗಬೇಕು. ಆದುದರಿಂದ ಹಾಲು ಬಿಡಿಸಲು ಕರುವಿನ ವಯಸ್ಸಿಗಿಂತಲೂ ಅದರ ಹೊಟ್ಟೆಯ ಅಭ್ಯಾಸವು ಮುಖ್ಯ.

ನಾಟಿ ತಳಿಗಳ ಕರುಗಳಿಗೆ ಸಾಮಾನ್ಯವಾಗಿ ಆರನೆಯ ತಿಂಗಳ ಸುಮಾರಿಗೆ ಹಾಲು ಬಿಡಿಸುವುದು ಅನುಕೂಲ. ಬರಗಾಲದಲ್ಲಿ ಹಸುವನ್ನು ಉಳಿಸಿಕೊಳ್ಳಬೇಕಾದರೆ ನಾಲ್ಕನೆಯ ತಿಂಗಳಿನಲ್ಲಿಯೂ ಬಿಡಿಸಬಹುದು. ಆದರೆ ಅಂತಹ ಎಳೆಗರುವಿಗೆ ಹಿಂಡಿ ಮತ್ತು ಕಾಳನ್ನು ತಪ್ಪದೆ ಕೊಡುವ ಶಕ್ತಿಯಿರಬೇಕು. ಕರುವು ಚೆನ್ನಾಗಿ ಮೆಲುಕು ಹಾಕುತ್ತಿರಬೇಕು. ಮುಕ್ಕಾಲು ಕಿಲೋಗ್ರಾಮಿನಷ್ಟಾದರೂ ಕೈತಿಂಡಿಯನ್ನು ಮೂರು ನಾಲ್ಕು ದಿನ ಒಂದೇ ಸಮನಾಗಿ ತಿನ್ನುತ್ತಿರಬೇಕು. ಈ ಎರಡು ಗುರುತುಗಳಿಲ್ಲದ ಕರುವಿಗೆ ಹಾಲು ಬಿಡಿಸತಕ್ಕದ್ದಲ್ಲ.

ಋತುವನ್ನೂ ನೋಡಬೇಕು. ಮುಂಗಾರು ನೆಲೆನಿಂತು ಹಸುರು ಚಿಗುರಿದ ಮೇಲೆ, ಅಥವಾ ಸುಗ್ಗಿಯ ಹೊಸ ಹುಲ್ಲು ಬಣವೆಯಾದ ಮೇಲೆ ಈ ಕೆಲಸಕ್ಕೆ ಕೈಹಾಕುವುದು ಮೇಲು. ಏಪ್ರಿಲ್, ಮೇ ತಿಂಗಳುಗಳ ಉರಿಬಿಸಿಲಿನಲ್ಲಿಯೂ, ಜಡಿಮಳೆ ಹಿಡಿದು ಕೊಟ್ಟಿಗೆಯು ಕೆಸರಾದಾಗಲೂ ಮಾಡಬಾರದು.

4. ಸಂಕಟವು ಎಲ್ಲಿಂದ ಬರುತ್ತದೆ

ಈದ ಕೂಡಲೇ ಹಸು ತನ್ನ ಕರುವನ್ನು ನೆಕ್ಕುತ್ತದೆ. ಆ ಮೊದಲ ಗಂಟೆಗಳಲ್ಲಿಯೇ ಕರುವಿನ ವಾಸನೆಯು ತಾಯಿಗೆ ಗುರುತಾಗುತ್ತದೆ. ಅನಂತರ ಧ್ವನಿಯೂ ರೂಪವೂ ಗುರುತಾಗುತ್ತವೆ. ಹೀಗೆ ತಾಯಿಗೂ ಕರುವಿಗೂ ಎರಡು ಕಟ್ಟುಗಳು ಬೀಳುತ್ತವೆ. ಒಂದು ಹಾಲಿನ ಕಟ್ಟು. ಇನ್ನೊಂದು ಸಹವಾಸದ ಕಟ್ಟು. ಒಮ್ಮೆಗೇ ಕರುವನ್ನು ಎಳೆದೊಯ್ದು ಕಣ್ಣಿಗೆ ಕಾಣದಂತೆ ಮಾಡಿದರೆ ಎರಡು ಕಟ್ಟುಗಳೂ ಒಂದೇ ಗಳಿಗೆಯಲ್ಲಿ ಹರಿಯುತ್ತವೆ. ಅದರ ಮೇಲೆ ಹೊಸ ಜಾಗ, ಹೊಸ ಮೇವು, ಗುರುತಿಲ್ಲದ ಜೊತೆಯೂ ಸೇರಿದರೆ ಕರುವಿನ ಪಾಲಿಗೆ ಲೋಕವೇ ಬದಲಾದಂತಾಗುತ್ತದೆ.

ಅಂತಹ ಸಂಕಟದಲ್ಲಿ ಮೂತ್ರಪಿಂಡಗಳ ಬಳಿಯಿರುವ ಗ್ರಂಥಿಗಳಿಂದ ಕಾರ್ಟಿಸಾಲ್ ಎಂಬ ರಸವು ರಕ್ತದಲ್ಲಿ ಹೆಚ್ಚುತ್ತದೆ. ಸ್ವಲ್ಪ ಹೊತ್ತು ಹೆಚ್ಚಿದರೆ ಬಾಧಕವಿಲ್ಲ. ದಿನಗಟ್ಟಲೆ ಹೆಚ್ಚಿದ್ದರೆ ರೋಗವನ್ನು ತಡೆಯುವ ಶಕ್ತಿಯು ಕುಂದುತ್ತದೆ. ಕೂಗಿ ಗಂಟಲು ಒಣಗಿರುತ್ತದೆ; ಅತ್ತಿತ್ತ ತಿರುಗಿ ಮೈ ದಣಿದಿರುತ್ತದೆ; ಧೂಳು ಮೂಗಿಗೆ ಹೋಗಿರುತ್ತದೆ; ಹೊಟ್ಟೆಯಲ್ಲಿ ಮೇವಿರುವುದಿಲ್ಲ. ಹಾಲು ಬಿಡಿಸಿದ ವಾರದಲ್ಲಿ ಕರುಗಳಿಗೆ ಕೆಮ್ಮು, ಶ್ವಾಸಕೋಶದ ಬಾವು, ಬೇಧಿ ಮುಂತಾದವು ಹತ್ತುವುದಕ್ಕೆ ಇದೇ ಕಾರಣ. ದೃಷ್ಟಿ ತಾಗಿತೆಂದು ಕೆಲವರು ಹೇಳುವುದು ಇದನ್ನೇ.

ಎರಡು ಕಟ್ಟುಗಳನ್ನು ಒಟ್ಟಿಗೆ ಹರಿಯದೆ ಒಂದಾದ ಮೇಲೊಂದರಂತೆ ಸಡಿಲಿಸಬೇಕೆಂಬುದೇ ಮುಂದೆ ಹೇಳುವ ಕ್ರಮಗಳ ತಿರುಳು.

5. ಮೊದಲನೆಯ ಕ್ರಮ: ಬೇಲಿಯ ನಡುವೆ ಅಗಲಿಸುವುದು

ತಾಯಿಯನ್ನೂ ಕರುವನ್ನೂ ಅಕ್ಕಪಕ್ಕದ ಎರಡು ದೊಡ್ಡಿಗಳಲ್ಲಿಟ್ಟು, ನಡುವೆ ಮೊಲೆಯುಣ್ಣಲಾಗದಂತಹ ಬೇಲಿಯನ್ನು ಹಾಕುವುದೇ ಈ ಕ್ರಮ. ಒಂದನ್ನೊಂದು ನೋಡಬಹುದು, ಮೂಸಬಹುದು, ಕೂಗಿದರೆ ಕೇಳಬಹುದು. ಹಾಲು ಮಾತ್ರ ದೊರೆಯದು. ಹಾಲಿನ ಕಟ್ಟು ಮೊದಲು ಸಡಿಲುತ್ತದೆ. ಸಹವಾಸದ ಕಟ್ಟು ಉಳಿದಿರುವುದರಿಂದ ಗಾಬರಿಯು ಕಡಮೆ. ಮೂರು ನಾಲ್ಕು ದಿನಗಳಲ್ಲಿ ಹಸು ಬೇಲಿಯನ್ನು ಬಿಟ್ಟು ಮೇಯಲು ಹೋಗುತ್ತದೆ. ಏಳೆಂಟು ದಿನಗಳಾದ ಮೇಲೆ ಅವುಗಳನ್ನು ದೂರ ಮಾಡಿದರೆ ಹೆಚ್ಚಿನ ಗಲಾಟೆಯಿರುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದವರು ಈ ಕ್ರಮವನ್ನು ಪರೀಕ್ಷಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೇಲಿಯ ನಡುವೆ ಅಗಲಿಸಿದ ಕರುಗಳು, ಪೂರ್ತಿ ದೂರಮಾಡಿದ ಕರುಗಳಿಗಿಂತ ಕಡಮೆ ಕೂಗಿ, ಕಡಮೆ ತಿರುಗಾಡಿ, ಹೆಚ್ಚು ಹೊತ್ತು ಮೇದುವು. ಮೊದಲ ಎರಡು ವಾರಗಳಲ್ಲಿ ತೂಕವೂ ಹೆಚ್ಚಾಗಿ ಏರಿತು. ಹತ್ತು ವಾರಗಳಾದ ಮೇಲೂ ಹಿಂದೆಬಿದ್ದ ಕರುಗಳು ಇವುಗಳನ್ನು ಸರಿಗಟ್ಟಲಿಲ್ಲ. ಮೊದಲ ವಾರದಲ್ಲಿ ಕಳೆದುಕೊಂಡ ಮೈಯನ್ನು ಬೇಗ ತುಂಬಿಕೊಳ್ಳಬಹುದೆಂಬ ಭರವಸೆಯು ಸರಿಯಲ್ಲವೆಂಬುದಕ್ಕೆ ಇದು ಸಾಕ್ಷಿ.

ಬೇಲಿಯು ಗಟ್ಟಿಯಾಗಿರಬೇಕು. ಬಿದಿರು ಗಳುಗಳನ್ನು ಒತ್ತಾಗಿ ಅಡ್ಡಕಟ್ಟಿದರೆ ಸಾಕು. ಕರುವಿನ ತಲೆಯು ತೂರದಂತೆ, ಹಸು ಹಾರದಂತೆ ಇರಬೇಕು. ಮುಳ್ಳುತಂತಿಯು ಈ ಕೆಲಸಕ್ಕೆ ತಕ್ಕದ್ದಲ್ಲ. ಕೆಚ್ಚಲೂ ಕಣ್ಣೂ ಗಾಯವಾಗುತ್ತವೆ. ಹಸು ಹೊಸದಾಗಿ ಕಟ್ಟಿದ ಬೇಲಿಯನ್ನು ಒಮ್ಮೆ ಮುರಿದು ಕರುವಿಗೆ ಹಾಲು ಕೊಟ್ಟಿತೆಂದರೆ ಅನಂತರ ಅದನ್ನು ತಡೆಯುವುದು ಬಹು ಕಷ್ಟ.

ಒಂದೇ ಹಸುವುಳ್ಳ ಮನೆಯವರು ದೊಡ್ಡಿ ಕಟ್ಟಬೇಕಾಗಿಲ್ಲ. ಕೊಟ್ಟಿಗೆಯ ನಡುವೆ ಬಿದಿರಿನ ತಡಿಕೆಯನ್ನು ನಿಲ್ಲಿಸಿ, ಇತ್ತ ಹಸುವನ್ನೂ ಅತ್ತ ಕರುವನ್ನೂ ಕಟ್ಟಬಹುದು. ಮೂತಿಗೆ ಮೂತಿ ತಾಗುವಷ್ಟು ಸಡಿಲವಾಗಿ ಹಗ್ಗವಿರಲಿ. ಕೆಚ್ಚಲು ಮಾತ್ರ ತಡಿಕೆಯಿಂದ ದೂರವಿರಲಿ.

6. ಎರಡನೆಯ ಕ್ರಮ: ಮೂಗಿನ ಹಲಗೆ

ಕೆನಡಾ ದೇಶದ ಸಸ್ಕ್ಯಾಚೆವಾನ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2005ರಲ್ಲಿ ಇನ್ನೊಂದು ಕ್ರಮದ ಫಲವನ್ನು ಪ್ರಕಟಿಸಿದರು. ಕರುವಿನ ಮೂಗಿನ ಹೊಳ್ಳೆಗಳಿಗೆ ಚುಚ್ಚದೆ ಸಿಕ್ಕಿಸುವ ಒಂದು ಹಗುರವಾದ ಪ್ಲಾಸ್ಟಿಕ್ ಹಲಗೆಯನ್ನು ತಾಯಿಯ ಜೊತೆಯಲ್ಲಿರುವಾಗಲೇ ತೊಡಿಸುತ್ತಾರೆ. ಕರು ತಲೆ ತಗ್ಗಿಸಿ ಮೇಯಬಹುದು, ನೀರು ಕುಡಿಯಬಹುದು. ಮೂತಿಯನ್ನೆತ್ತಿ ಮೊಲೆಗೆ ಬಾಯಿಡಲು ಹೋದರೆ ಹಲಗೆಯು ಅಡ್ಡ ಬರುತ್ತದೆ. ಕೆಲವು ದಿನಗಳ ಮೇಲೆ ಹಲಗೆಯನ್ನು ತೆಗೆದು ತಾಯಿಯಿಂದ ಅಗಲಿಸುತ್ತಾರೆ. ಹೀಗೆ ಎರಡು ಹಂತಗಳಲ್ಲಿ ಹಾಲು ಬಿಡಿಸಿದ ಕರುಗಳು ಅಗಲಿಕೆಯ ತರುವಾಯ, ಒಮ್ಮೆಗೇ ಅಗಲಿಸಿದ ಕರುಗಳಿಗಿಂತ ನೂರಕ್ಕೆ 97ರಷ್ಟು ಕಡಮೆ ಕೂಗಿದುವು, 79ರಷ್ಟು ಕಡಮೆ ಹೊತ್ತು ನಡೆದಾಡಿದುವು, 23ರಷ್ಟು ಹೆಚ್ಚು ಹೊತ್ತು ಮೇದುವು. ತಾಯಂದಿರ ಕೂಗೂ ಇದೇ ರೀತಿಯಲ್ಲಿ ತಗ್ಗಿತು.

ಈ ಹಲಗೆಯನ್ನು ಒಂದು ವಾರಕ್ಕಿಂತ ಹೆಚ್ಚಾಗಿ ಇಡಬಾರದು. ಹೊಳ್ಳೆಯು ಉಜ್ಜಿ ಹುಣ್ಣಾಗುವ ಸಂಭವವುಂಟು. ಹಲಗೆಯಿರುವ ದಿನಗಳಲ್ಲಿ ಕೆಲವು ಕರುಗಳ ತೂಕವು ನಿರೀಕ್ಷಿಸಿದಷ್ಟು ಏರುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಆದುದರಿಂದ ಆ ದಿನಗಳಲ್ಲಿ ಒಳ್ಳೆಯ ಮೇವನ್ನು ಕಣ್ಣಮುಂದೆಯೇ ಇಡತಕ್ಕದ್ದು.

ನಮ್ಮ ಹಳ್ಳಿಗಳಲ್ಲಿ ಕರುವಿನ ಬಾಯಿಗೆ ಕುಕ್ಕೆ ಹಾಕುವ ರೂಢಿಯುಂಟು. ಕುಕ್ಕೆಯು ಹಾಲನ್ನು ತಡೆಯುವುದೇನೋ ನಿಜ. ಆದರೆ ಮೇವನ್ನೂ ನೀರನ್ನೂ ತಡೆಯುತ್ತದೆ. ಕುಕ್ಕೆಯನ್ನು ಉಪಯೋಗಿಸುವವರು ತಾಯಿಯ ಬಳಿ ಬಿಟ್ಟಾಗ ಮಾತ್ರ ಹಾಕಿ, ಉಳಿದ ಹೊತ್ತಿನಲ್ಲಿ ಬಿಚ್ಚಿ ಮೇವು ನೀರುಗಳನ್ನು ಕೊಡಬೇಕು. ಕೆಲವರು ಮುಳ್ಳು ಅಥವಾ ಮೊಳೆಗಳನ್ನು ಕಟ್ಟುತ್ತಾರೆ. ಚುಚ್ಚಿಸಿಕೊಂಡ ತಾಯಿಯು ಒದೆಯುತ್ತದೆಂಬುದು ಅವರ ಲೆಕ್ಕ. ಕೆಚ್ಚಲಿಗೆ ಗಾಯವಾಗಿ ಕೀವು ತುಂಬಿದರೆ ಆ ಮೊಲೆಯು ಜನ್ಮಕ್ಕೆ ಕೆಡುತ್ತದೆ. ಒದೆತ ತಿಂದ ಕರುವಿನ ಗಾಬರಿಯೂ ಇಮ್ಮಡಿಯಾಗುತ್ತದೆ. ಈ ರೂಢಿಯನ್ನು ಬಿಡುವುದು ಲೇಸು. ಮೊಲೆಗೆ ಬೇವಿನ ರಸ, ಸಗಣಿ ಮೊದಲಾದುವನ್ನು ಬಳಿಯುವುದೂ ಪ್ರಯೋಜನವಿಲ್ಲದ ಕೆಲಸ. ಹಸಿದ ಕರು ಒಂದೆರಡು ಸಲ ಮುಖ ತಿರುಗಿಸಿ, ಮೂರನೆಯ ಸಲ ಕುಡಿದೇ ಕುಡಿಯುತ್ತದೆ. ಮೊಲೆಯ ತೊಟ್ಟಿಗೆ ಕೊಳೆಯು ಸೇರಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ.

7. ಮುಂಚಿತವಾಗಿ ಮಾಡತಕ್ಕ ಸಿದ್ಧತೆ

ಅಗಲಿಸುವುದಕ್ಕೆ ಒಂದು ತಿಂಗಳು ಮೊದಲೇ ಕರುವಿಗೆ ಪ್ರತ್ಯೇಕವಾಗಿ ಮೇವು ಕೊಡಲು ಆರಂಭಿಸಬೇಕು. ಕೊಟ್ಟಿಗೆಯ ಮೂಲೆಯಲ್ಲಿ ಒಂದೂವರೆ ಅಡಿ ಅಗಲದ ಗಂಡಿಯನ್ನು ಬಿಟ್ಟು ಚಿಕ್ಕ ಅಂಕಣವನ್ನು ಮಾಡಿದರೆ, ಕರುಗಳು ನುಸುಳಿ ತಿನ್ನುತ್ತವೆ. ದೊಡ್ಡ ದನಗಳು ನುಗ್ಗಲಾರವು. ಮೊದಲು ಹಿಡಿಯಷ್ಟು ಇಟ್ಟು, ಕ್ರಮೇಣ ದಿನಕ್ಕೆ ಅರ್ಧ ಕಿಲೋಗ್ರಾಂ, ಅನಂತರ ಒಂದು ಕಿಲೋಗ್ರಾಮಿನವರೆಗೆ ಹೆಚ್ಚಿಸಬಹುದು. ನೂರು ಪಾಲಿನಲ್ಲಿ ಒಡೆದ ಜೋಳ ಅಥವಾ ಮುಸುಕಿನ ಜೋಳ 40 ಪಾಲು, ಕಡಲೆಕಾಯಿ ಹಿಂಡಿ 30 ಪಾಲು, ಬೂಸ ಅಥವಾ ತೌಡು 27 ಪಾಲು, ಖನಿಜ ಮಿಶ್ರಣ 2 ಪಾಲು, ಉಪ್ಪು 1 ಪಾಲು ಸೇರಿಸಿದರೆ ಒಳ್ಳೆಯ ಕೈತಿಂಡಿಯಾಗುತ್ತದೆ. ಬೂಷ್ಟು ಹಿಡಿದ ಹಿಂಡಿಯು ವಿಷವಾದುದರಿಂದ ಅದನ್ನು ಎಷ್ಟು ಮಾತ್ರಕ್ಕೂ ಕೊಡಬಾರದು. ಇದರ ಜೊತೆಗೆ ರಾಗಿಯ ಹುಲ್ಲು, ಹುರುಳಿ ಅಥವಾ ಅವರೆಯ ಹೊಟ್ಟು, ಹಸುರು ಮೇವು ಇರಲಿ. ಹೂವಾಡುವುದಕ್ಕೆ ಮುಂಚಿನ ಎಳೆಯ ಜೋಳದ ಪೈರನ್ನೂ, ಮಳೆಯಿಲ್ಲದೆ ಬಾಡಿದ ಜೋಳದ ಪೈರನ್ನೂ ಕೊಡಬಾರದು. ಅದರಲ್ಲಿ ಪ್ರಾಣಹಾನಿ ಮಾಡುವ ವಿಷಾಂಶವಿರುತ್ತದೆ.

ಅಗಲಿಸಿದ ಮೇಲೂ ಇದೇ ಮೇವು, ಇದೇ ಗೋದಲಿ, ಇದೇ ನೀರಿನ ಬಾನಿ ಇರತಕ್ಕದ್ದು. ಹಾಲಿನ ರೂಪದಲ್ಲಿ ದೊರೆಯುತ್ತಿದ್ದ ನೀರೂ ನಿಂತುಹೋಗುವುದರಿಂದ ಕರುವಿಗೆ ಶುದ್ಧವಾದ ನೀರು ಯಾವಾಗಲೂ ಎಟುಕುವಂತಿರಬೇಕು.

ಜಂತುಹುಳುವಿನ ಔಷಧವನ್ನೂ, ಕಾಲುಬಾಯಿ ಜ್ವರ, ಗಳಲೆ ರೋಗ, ಚಪ್ಪೆ ಬೇನೆ ಮೊದಲಾದವುಗಳ ಲಸಿಕೆಯನ್ನೂ ಪಶುವೈದ್ಯರ ಸಲಹೆಯಂತೆ ಎರಡು ಮೂರು ವಾರ ಮೊದಲೇ ಹಾಕಿಸಿರಬೇಕು. ಲಸಿಕೆಯು ಫಲಕೊಡಲು ಕಾಲ ಬೇಕು. ಸಂಕಟದಲ್ಲಿರುವ ಕರುವಿಗೆ ಹಾಕಿದ ಲಸಿಕೆಯು ಪೂರ್ತಿ ಫಲವನ್ನು ಕೊಡಲಾರದು. ಬೀಜ ಒಡೆಯುವುದು, ಮೂಗು ಚುಚ್ಚುವುದು, ಕೊಂಬು ಸುಡುವುದು, ಜಾತ್ರೆಗೆ ಸಾಗಿಸುವುದು, ಇವುಗಳಲ್ಲಿ ಯಾವುದನ್ನೂ ಆ ವಾರದಲ್ಲಿ ಮಾಡಕೂಡದು. ಒಂದು ನೋವಿನ ಮೇಲೆ ಇನ್ನೊಂದು ನೋವನ್ನು ಹೇರುವುದರಿಂದ ಎರಡೂ ಮಾಯುವುದು ತಡವಾಗುತ್ತದೆ.

8. ಅಗಲಿಸುವ ದಿನ

ಹಳೆಯ ಜಾಗದಲ್ಲಿ ಕರುವನ್ನು ಬಿಟ್ಟು, ಹಸುವನ್ನು ಹೊರಗೆ ಹೊಡೆಯಬೇಕು. ಗುರುತಾದ ಗೋದಲಿ, ಗೂಟ, ನೀರು ಇವು ಕರುವಿಗೆ ಧೈರ್ಯವನ್ನು ಕೊಡುತ್ತವೆ. ಕರುವನ್ನು ಒಂಟಿಯಾಗಿ ಬಿಡಬಾರದು. ಜೋಡಿಗೆಂದು ಗೊತ್ತುಮಾಡಿದ ಎರಡು ಹೋರಿಗರುಗಳನ್ನು ಒಟ್ಟಿಗೇ ಹಾಲು ಬಿಡಿಸಿ ಒಂದೇ ಕಡೆ ಕಟ್ಟಿದರೆ ಒಂದಕ್ಕೊಂದು ಸಮಾಧಾನವಾಗುವುದಲ್ಲದೆ, ನೊಗಕ್ಕೆ ಬೇಕಾದ ಹೊಂದಿಕೆಯೂ ಆಗಲೇ ಬೆಳೆಯುತ್ತದೆ. ಹಾಲಿಲ್ಲದ ಒಂದು ಸಾಧುವಾದ ಹಳೆಯ ಹಸುವನ್ನು ಕರುಗಳ ನಡುವೆ ಬಿಡುವುದೂ ಒಳ್ಳೆಯದು. ಅದು ಗೋದಲಿಗೆ ಹೋದರೆ ಕರುಗಳು ಹಿಂಬಾಲಿಸುತ್ತವೆ. ಅದು ಮಲಗಿ ಮೆಲುಕು ಹಾಕಿದರೆ ಅವೂ ಮಲಗುತ್ತವೆ.

ಕೂಗಾಟ, ಹೊಡೆತ, ನಾಯಿಯ ಬೊಗಳಾಟ ಇವುಗಳಿಗೆ ಅವಕಾಶ ಕೊಡಬಾರದು. ದಿನವೂ ಮೇವು ಹಾಕುವವರೇ ಈ ಕೆಲಸವನ್ನೂ ಮಾಡಬೇಕು. ಅಮೃತಮಹಲ್ ಹಸುಗಳು ಬಹು ಚುರುಕಾದವು, ಗುರುತಿಲ್ಲದವರನ್ನು ಸಹಿಸವು. ಅವುಗಳ ಕರುವಿಗೆ ಕೈಹಾಕುವ ಹೊಸಬನು ತಿವಿಸಿಕೊಳ್ಳುವ ಸಂಭವವುಂಟು.

ಒಮ್ಮೆ ಅಗಲಿಸಿದ ಮೇಲೆ, ಹಾಲು ಪೂರ್ತಿ ಬತ್ತುವವರೆಗೆ, ಎಂದರೆ ಒಂದು ತಿಂಗಳಿಗೆ ಕಡಮೆಯಿಲ್ಲದಂತೆ, ಕರುವನ್ನು ತಾಯಿಯ ಬಳಿಗೆ ಬಿಡಕೂಡದು. ನಡುವೆ ಒಂದು ರಾತ್ರಿ ಬಿಡುವುದು ದಯೆಯಲ್ಲ. ಮುಗಿಯುತ್ತ ಬಂದ ಸಂಕಟವನ್ನು ಮೊದಲಿನಿಂದ ಆರಂಭಿಸಿದಂತೆಯೇ ಸರಿ.

9. ತಾಯಿಹಸುವಿನ ಆರೈಕೆ

ಅಗಲಿಸುವುದಕ್ಕೆ ಒಂದು ವಾರ ಮೊದಲೇ ಹಸುವಿಗೆ ಹಿಂಡಿ ಬೂಸಗಳನ್ನು ಕಡಮೆಮಾಡಿ, ಒಣಹುಲ್ಲನ್ನು ಹೆಚ್ಚಾಗಿ ಕೊಟ್ಟರೆ ಹಾಲು ತಾನಾಗಿಯೇ ಇಳಿಯುತ್ತದೆ. ನೀರನ್ನು ಮಾತ್ರ ಎಂದಿಗೂ ಕಡಮೆಮಾಡಬಾರದು. ಅಗಲಿಸಿದ ಮೇಲೆ ಎರಡು ಮೂರು ದಿನ ಕೆಚ್ಚಲು ಬಿಗಿಯುತ್ತದೆ. ಕೆಚ್ಚಲಿನೊಳಗಿನ ಒತ್ತಡವೇ ಹಾಲು ಊರುವುದನ್ನು ನಿಲ್ಲಿಸುವುದರಿಂದ, ಬಿಗಿದಿದೆಯೆಂದು ಪದೇಪದೇ ಕರೆಯುವುದು ತಪ್ಪು; ಕರೆದಷ್ಟೂ ಊರುತ್ತದೆ. ಆದರೆ ಕೆಚ್ಚಲಿನ ಒಂದು ಭಾಗವು ಕೆಂಪಾಗಿ, ಬಿಸಿಯಾಗಿ, ಕಲ್ಲಿನಂತಾಗಿ, ಹಾಲಿನಲ್ಲಿ ಗರಣೆಯಾಗಲಿ ರಕ್ತವಾಗಲಿ ಕಾಣಿಸಿದರೆ ಅದು ಕೆಚ್ಚಲು ಬಾವು. ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಮಲಗುವ ಜಾಗವು ಒಣಗಿದ್ದು ಶುಚಿಯಾಗಿರಲಿ.

ಮನೆಗೆ ಸ್ವಲ್ಪ ಹಾಲು ಕರೆದುಕೊಳ್ಳುವವರಿಗೆ ಒಂದು ಮಾತು. ನಾಟಿ ಹಸುಗಳಲ್ಲಿ ಬಹುಪಾಲು ಕರುವಿಲ್ಲದೆ ಸೊರೆ ಬಿಡುವುದಿಲ್ಲ. ಕರುವಿಗೆ ಹಾಲು ಬಿಡಿಸಿದರೆ ಮನೆಯ ಹಾಲೂ ನಿಲ್ಲುವುದೆಂದು ತಿಳಿದೇ ದಿನವನ್ನು ಗೊತ್ತುಮಾಡಬೇಕು. ಸೊರೆ ಬಿಡಿಸಲು ಆಕ್ಸಿಟೋಸಿನ್ ಚುಚ್ಚುವುದು ಹಸುವಿಗೆ ಹಾನಿಕರ. ಹಾಲು ಹೆಚ್ಚಿಸಲು ಹಸುವಿನ ಆರೋಗ್ಯಕ್ಕೆ ಕೆಡುಕಾಗುವ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧವೂ ಆಗಿದೆ.

ಹಾಲು ಬತ್ತಿದ ಮೇಲೆ ಹಸುವಿಗೆ ಮೊದಲಿನಂತೆ ಒಳ್ಳೆಯ ಮೇವನ್ನು ಕೊಡಬೇಕು. ಗಬ್ಬವಾಗಿರದ ಹಸು ಬೆದೆಗೆ ಬರುವುದನ್ನು ಬೆಳಿಗ್ಗೆ ಸಂಜೆ ಗಮನಿಸುತ್ತಿರಬೇಕು. ಈ ಕಾಲದಲ್ಲಿ ಬರುವ ಬೆದೆಯನ್ನು ಕಾಣದೆ ಕಳೆದುಕೊಂಡರೆ ಪಟ್ಟ ಶ್ರಮದ ಅರ್ಧಭಾಗವು ವ್ಯರ್ಥ.

10. ಗ್ರಾಮದ ಮುಖಂಡರು ಮಾಡಬಹುದಾದ ಸಹಾಯ

ಒಬ್ಬೊಬ್ಬ ರೈತನಿಗೆ ಕಷ್ಟವಾದುದು ಊರಿಗೆ ಸುಲಭ. ಒಂದೇ ವಯಸ್ಸಿನ ಕರುಗಳುಳ್ಳ ನಾಲ್ಕೈದು ಮನೆಯವರು ಸೇರಿ ಒಂದೇ ವಾರದಲ್ಲಿ ಹಾಲು ಬಿಡಿಸುವಂತೆ ಮುಖಂಡರು ಏರ್ಪಾಡು ಮಾಡಬಹುದು. ಆಗ ಬೇಲಿಯ ಖರ್ಚು ಹಂಚಿಹೋಗುತ್ತದೆ. ಕರುಗಳಿಗೆ ಜೊತೆ ದೊರೆಯುತ್ತದೆ. ಪಶುವೈದ್ಯರನ್ನು ಒಂದೇ ದಿನ ಕರೆಯಿಸಿ ಲಸಿಕೆ ಹಾಕಿಸುವುದು ಅನುಕೂಲವಾಗುತ್ತದೆ. ಗೋಮಾಳವುಳ್ಳ ಊರುಗಳಲ್ಲಿ ನೆರಳೂ ನೀರೂ ಇರುವ ಒಂದು ಮೂಲೆಯನ್ನು ಕರುಗಳ ದೊಡ್ಡಿಗೆಂದು ಉಳಿಸಿದರೆ, ಅದು ವರ್ಷ ವರ್ಷವೂ ಉಪಯೋಗಕ್ಕೆ ಬರುತ್ತದೆ.

ಮುಖಂಡರು ಜಾತ್ರೆಯ ವಿಷಯದಲ್ಲಿಯೂ ತಿಳಿವಳಿಕೆ ಕೊಡಬೇಕು. ಜಾತ್ರೆ ಹತ್ತಿರ ಬಂದಾಗ ತಾಯಿಯಿಂದ ಕಿತ್ತು ಅದೇ ದಿನ ಗಾಡಿಗೆ ಹೇರಿದ ಕರುವು ಜಾತ್ರೆಯ ಬಯಲಿನಲ್ಲಿ ಬಾಡಿದ ಮುಖದಿಂದ ನಿಂತಿರುತ್ತದೆ. ಕೊಳ್ಳುವವನು ಅದರ ಸುಳಿ, ಕೊಂಬು, ಗೊರಸುಗಳನ್ನು ನೋಡುವುದಕ್ಕೆ ಮೊದಲು ಅದರ ಮೈಯನ್ನೂ ಕಣ್ಣನ್ನೂ ನೋಡುತ್ತಾನೆ. ಜಾತ್ರೆಗೆ ಒಂದೂವರೆ ತಿಂಗಳ ಮೊದಲೇ ಹಾಲು ಬಿಡಿಸಿ, ಮೇವಿಗೆ ಒಗ್ಗಿಸಿ, ಮೈ ತುಂಬಿಸಿ ಕರೆದೊಯ್ದ ಕರುವಿಗೆ ತಕ್ಕ ಬೆಲೆ ದೊರೆಯುವುದಲ್ಲದೆ, ಕೊಂಡವನ ಮನೆಯಲ್ಲಿಯೂ ಅದು ಕಾಯಿಲೆ ಬೀಳದೆ ಮಾರಿದವನ ಹೆಸರನ್ನು ಉಳಿಸುತ್ತದೆ.

11. ಜ್ಞಾಪಕದಲ್ಲಿಡಬೇಕಾದ ದಿನಗಳು

ಒಂದು ತಿಂಗಳು ಮೊದಲು: ಕರುವಿಗೆ ಪ್ರತ್ಯೇಕ ಮೇವು ಮತ್ತು ಕೈತಿಂಡಿಯ ಅಭ್ಯಾಸ.

ಎರಡು ಮೂರು ವಾರ ಮೊದಲು: ಜಂತುಹುಳುವಿನ ಔಷಧ, ಲಸಿಕೆ; ಬೇಲಿಯ ದುರಸ್ತು.

ಒಂದು ವಾರ ಮೊದಲು: ಹಸುವಿನ ಹಿಂಡಿ ಬೂಸ ಕಡಮೆಮಾಡುವುದು, ಮೂಗಿನ ಹಲಗೆಯನ್ನು ಉಪಯೋಗಿಸುವವರು ಈಗ ಅದನ್ನು ತೊಡಿಸುವುದು.

ಅಗಲಿಸುವ ದಿನ: ಕರು ಹಳೆಯ ಜಾಗದಲ್ಲಿ, ಹಸು ಬೇಲಿಯಾಚೆ, ಗದ್ದಲವಿಲ್ಲದೆ. ಹಲಗೆಯಿದ್ದರೆ ತೆಗೆಯುವುದು.

ಮೊದಲ ಮೂರು ದಿನ: ಕರುವಿನ ಮೇವು, ನೀರು, ಸಗಣಿ, ಕೆಮ್ಮು ಇವುಗಳನ್ನೂ ಹಸುವಿನ ಕೆಚ್ಚಲನ್ನೂ ದಿನಕ್ಕೆ ಎರಡು ಸಲ ನೋಡುವುದು. ಒಂದು ದಿನ ಪೂರ್ತಿ ಮೇವು ಮುಟ್ಟದ ಕರುವನ್ನು ಪಶುವೈದ್ಯರಿಗೆ ತೋರಿಸುವುದು.

ಏಳೆಂಟು ದಿನಗಳ ಮೇಲೆ: ಎರಡನ್ನೂ ದೂರ ಮಾಡುವುದು.

ಒಂದು ತಿಂಗಳವರೆಗೆ: ಪುನಃ ಕೂಡಿಸದಿರುವುದು, ಬೀಜ ಒಡೆಯುವುದು, ಮೂಗು ಚುಚ್ಚುವುದು ಮುಂತಾದುವನ್ನು ಕರುವು ಚೇತರಿಸಿಕೊಂಡ ಮೇಲೆಯೇ ಮಾಡಿಸುವುದು.

ಈ ಕ್ರಮವನ್ನು ಒಮ್ಮೆಗೇ ಎಲ್ಲಾ ದನಗಳಲ್ಲಿ ಆಚರಿಸಲು ಅನುಮಾನಿಸುವ ರೈತರು ಒಂದು ಹಸುವನ್ನೂ ಅದರ ಕರುವನ್ನೂ ಆರಿಸಿಕೊಂಡು ಪರೀಕ್ಷಿಸಿ ನೋಡಬಹುದು. ನಡುವೆ ಒಂದು ತಡಿಕೆಯನ್ನು ನಿಲ್ಲಿಸಿದ ಕೊಟ್ಟಿಗೆಯಲ್ಲಿ ಮೂರನೆಯ ರಾತ್ರಿ ಎಷ್ಟು ನಿಶ್ಶಬ್ದವಿರುತ್ತದೆ, ಹಸು ಎಷ್ಟು ಬೇಗ ಮೇವಿಗೆ ಬಾಯಿಡುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಹಳೆಯ ರೂಢಿಗೆ ಹಿಂದಿರುಗುವ ಅವಶ್ಯಕತೆಯನ್ನು ಕಾಣಲಾರರು.